ಓದದೆ ಇಟ್ಟ ಪ್ರತಿ

ನನ್ನ ತವರು ಬಸವಕಲ್ಯಾಣ, ಗಂಡನ ಮನೆ ಹುಮನಾಬಾದ. ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತಲೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ಶಾಲೆಯಲ್ಲಿ ನಾನು ಹೇಳಿಕೊಡುವುದು ಕನ್ನಡ ಮತ್ತು ಸಮಾಜ ವಿಜ್ಞಾನ. ಕಂಪ್ಯೂಟರಿನ ಬಗ್ಗೆ ಬರೆಯುವಷ್ಟು ತಿಳಿದವಳಲ್ಲ. ಆದರೆ 2023ರ ಆಗಸ್ಟ್ ತಿಂಗಳಲ್ಲಿ ನಮ್ಮ ಶಾಲೆಯ ಕಚೇರಿಯಲ್ಲಿ ನಡೆದ ಒಂದು ಪ್ರಸಂಗ, ನಾನು ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದ ಕಲ್ಯಾಣದ ಇತಿಹಾಸವನ್ನು ನನಗೇ ಹೊಸದಾಗಿ ಓದಿಸಿತು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. 2004ರಲ್ಲಿ ನಮ್ಮಲ್ಲಿ ಎಂಟನೆಯ ತರಗತಿಗೆ ಸೇರಿದ್ದವಳು, ಈಗ ಎರಡು ಮಕ್ಕಳ ತಾಯಿ. ಸರಕಾರಿ ನೌಕರಿಗೆ ಅರ್ಜಿ ಹಾಕುವವಳಿದ್ದಳು. ವಯಸ್ಸಿನ ಲೆಕ್ಕದಲ್ಲಿ ಅದೇ ಅವಳ ಕೊನೆಯ ಅವಕಾಶ. ನಮ್ಮ ಭಾಗದವರಿಗೆ ಸಂವಿಧಾನದ 98ನೆಯ ತಿದ್ದುಪಡಿಯಿಂದ ದೊರೆತ 371(ಜೆ) ಕಲಮಿನ ಮೀಸಲಾತಿ ಇದೆ. ಅದರ ಪ್ರಮಾಣ ಪತ್ರಕ್ಕೆ ತಾನು ಈ ಭಾಗದಲ್ಲೇ ಹುಟ್ಟಿದವಳು ಇಲ್ಲವೇ ಬಹುಕಾಲ ಇಲ್ಲೇ ಇದ್ದವಳು ಎಂದು ತೋರಿಸಬೇಕು. ಅವಳ ಹತ್ತಿರ ಜನನ ಪತ್ರವಿರಲಿಲ್ಲ. ಹಳ್ಳಿಯಲ್ಲಿ ಮನೆಯಲ್ಲೇ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿ ರಜಿಸ್ಟರೇ ಆಧಾರ. ಹುಟ್ಟಿದ ದಿನ, ಹುಟ್ಟಿದ ಊರು, ತಂದೆಯ ಹೆಸರು ಒಂದೇ ಸಾಲಿನಲ್ಲಿ ಇರುತ್ತವೆ.

"ಕಂಪ್ಯೂಟರಿನಾಗ ಅದ, ಐದು ನಿಮಿಷ ಕೂಡವ್ವ" ಎಂದು ಹೇಳಿ ನಮ್ಮ ಗುಮಾಸ್ತರು ಸರ್ವರಿನ ಮುಂದೆ ಕೂತರು. ಐದು ನಿಮಿಷ ಒಂದು ತಾಸಾಯಿತು. 2001ರಿಂದ 2006ರವರೆಗಿನ ದಾಖಲಾತಿಯ ಫೈಲು ತೆರೆಯಲೇ ಇಲ್ಲ. ಬ್ಯಾಕಪ್ ಇದೆಯಲ್ಲ ಎಂದು ಹೊರಗಿನ ಡಿಸ್ಕನ್ನು ಹಚ್ಚಿ ನೋಡಿದರು. ಅದರಲ್ಲಿ ಆ ಫೈಲೇ ಇರಲಿಲ್ಲ. ಕಪಾಟಿನಲ್ಲಿದ್ದ ಇನ್ನೊಂದು ಡಿಸ್ಕಿನಲ್ಲಿ ಫೈಲಿತ್ತು, ಹೆಸರೂ ಸರಿ ಇತ್ತು, ಆದರೆ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು. ಆ ಹುಡುಗಿ ಬಾಗಿಲ ಬಳಿ ಸಣ್ಣ ಮಗುವನ್ನು ಎತ್ತಿಕೊಂಡು ನಿಂತೇ ಇದ್ದಳು.

ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಶಿಷ್ಯನೊಬ್ಬ ಪಂಚಮಿ ಹಬ್ಬಕ್ಕೆ ಊರಿಗೆ ಬಂದಿದ್ದ. ಹೇಳಿ ಕಳಿಸಿದೆ. ಬಂದವನು ಮೊದಲು ಯಂತ್ರವನ್ನು ಮುಟ್ಟಲಿಲ್ಲ. ಅದು ದಿನಾಲು ತನ್ನಷ್ಟಕ್ಕೆ ಬರೆದಿಡುವ ಲಾಗ್ ಎಂಬ ದಿನಚರಿಯನ್ನು ತೆಗೆದು ಓದಿದ. ಅರ್ಧ ತಾಸಿನ ಮೇಲೆ ಹೇಳಿದ:

"ಅಕ್ಕೋರೆ, ರಾತ್ರಿ ಒಂದಕ್ಕ ಬ್ಯಾಕಪ್ ಶುರು ಆಗ್ತದ. ಈ ಒಂದು ಫೈಲಿನ ಹತ್ರ ಬಂದು ಓದಕ್ಕ ಆಗಲಾರದೆ ನಿಲ್ತದ. ಅದರ ಹಿಂದಿನ ಫೈಲ್ ಒಂದೂ ಮುಂದ ಹೋಗಿಲ್ಲ. ಏಳು ತಿಂಗಳಾತು. ಅದು ದಿನಾ ಹೇಳ್ಯಾದ, ಯಾರೂ ಕೇಳಿಲ್ಲ."

ಕಾರಣ ದೊಡ್ಡದೇನೂ ಇರಲಿಲ್ಲ. ವಿದ್ಯುತ್ತು ಹೋಗಿ ಬರುತ್ತಿತ್ತು, ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು, ಡಿಸ್ಕಿನ ಒಂದು ಜಾಗ ಕೆಟ್ಟಿತ್ತು. ಆ ಜಾಗದಲ್ಲಿ ನಮ್ಮ ಫೈಲು ಕೂತಿತ್ತು. ಪ್ರತಿ ತೆಗೆಯುವ ತಂತ್ರಾಂಶ ಒಂದು ಫೈಲನ್ನು ಓದಲಾಗದೆ ಇಡೀ ಕೆಲಸವನ್ನೇ ಕೈಬಿಡುತ್ತಿತ್ತು. ಅಷ್ಟೇ ಅಲ್ಲ, ಪ್ರತಿ ರಾತ್ರಿ ಅರ್ಧಂಬರ್ಧ ಪ್ರತಿಯನ್ನು ಬರೆಯುತ್ತ, ಜಾಗ ಸಾಲದಾದಾಗ ಹಳೆಯ ಪೂರ್ಣ ಪ್ರತಿಗಳನ್ನು ತಾನೇ ಅಳಿಸಿತ್ತು. ಅವನು ಕೆಟ್ಟ ಫೈಲೊಂದನ್ನು ಹೊರಗಿಟ್ಟು ಉಳಿದದ್ದನ್ನು ಅದೇ ಸಂಜೆ ಹೊಸ ಡಿಸ್ಕಿಗೆ ಇಳಿಸಿದ. ಹಳೆಯ ಡಿಸ್ಕನ್ನು ಇನ್ನು ನಂಬಬೇಡಿ ಎಂದ. ಉಳಿದದ್ದು ಆ ಒಂದು ಫೈಲು, ಆ ಹುಡುಗಿಯ ಸಾಲು ಇದ್ದ ಫೈಲು.

"ಕಪಾಟಿನ ಡಿಸ್ಕಿನಾಗ ಅದ ಅಲ್ಲಪ್ಪ?" ಎಂದೆ.

"ಅದೇ ಕೆಟ್ಟದ್ದ ನೋಡ್ರಿ. ಇಲ್ಲಿ ಓದಕ್ಕ ಬರಂಗಿಲ್ಲಂತ ಕೂಗ್ಯಾದ. ಅಲ್ಲಿ ಒಳಗ ಹಾಳಾದದ್ದನ್ನೇ ಸುಮ್ಮನ ಪ್ರತಿ ಮಾಡ್ಯಾರ. ಕೂಗೋ ತಪ್ಪು ಸಿಗ್ತದ. ಸುಮ್ಮನಿರೋ ತಪ್ಪು ಸಿಗಂಗಿಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೆ ಕಾರಣ ನನ್ನ ತವರೂರು.

ಕಲ್ಯಾಣಕ್ಕೆ ಹೊರಗಿನಿಂದ ಬಂದವರು ಕೋಟೆ ನೋಡುತ್ತಾರೆ, ಅನುಭವ ಮಂಟಪ ನೋಡುತ್ತಾರೆ, ತ್ರಿಪುರಾಂತಕ ಕೆರೆ ನೋಡುತ್ತಾರೆ, 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: "ಆ ಕಾಲದ ಬರಹ ಇಲ್ಲಿ ಎಲ್ಲಿವೆ?" ಚಿಕ್ಕವಳಿದ್ದಾಗ ಈ ಪ್ರಶ್ನೆಗೆ ನನಗೆ ನಾಚಿಕೆಯಾಗುತ್ತಿತ್ತು. ಏಕೆಂದರೆ ಉತ್ತರ ಇಷ್ಟೇ: ಇಲ್ಲಿ ಇಲ್ಲ. ಚಾಲುಕ್ಯರ ರಾಜಧಾನಿಯಾಗಿ, ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷದ ಆಳಿಕೆಯಲ್ಲಿ, 1076ರಿಂದ 1126ರವರೆಗೆ, ಪಂಡಿತರಿಂದ ತುಂಬಿದ್ದ ಊರು ಇದು. ಆ ಊರಿನ ಗ್ರಂಥಗಳಲ್ಲಿ ಉಳಿದವೆಲ್ಲ ಬೇರೆ ಊರುಗಳಲ್ಲಿ ಉಳಿದವು.

ಬಿಲ್ಹಣನನ್ನೇ ನೋಡಿ. ಕಾಶ್ಮೀರದಿಂದ ಇಷ್ಟು ದೂರ ಬಂದು ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿ ಎನಿಸಿಕೊಂಡವನು. ದೊರೆಯ ಮೇಲೆ ಹದಿನೆಂಟು ಸರ್ಗದ 'ವಿಕ್ರಮಾಂಕದೇವಚರಿತ' ಬರೆದ. ನಮ್ಮ ಕೋಟೆಯ ಸುತ್ತಮುತ್ತ ಅದರ ಒಂದು ಗರಿಯೂ ಸಿಗಲಿಲ್ಲ. 1874ರಲ್ಲಿ ಜರ್ಮನಿಯ ವಿದ್ವಾಂಸ ಜಾರ್ಜ್ ಬ್ಯೂಲರ್ ರಾಜಸ್ತಾನದ ಮರುಭೂಮಿಯ ಜೈಸಲ್ಮೇರಿಗೆ ಹೋಗಿ ಅಲ್ಲಿನ ಜೈನ ಭಂಡಾರದ ಕಟ್ಟುಗಳನ್ನು ಬಿಚ್ಚಿದಾಗ ಅದರ ತಾಳೆಯ ಪ್ರತಿ ಕಂಡಿತು. ಬ್ಯೂಲರ್ ಮತ್ತು ಅವರ ಜೊತೆಗಿದ್ದ ಯಾಕೋಬಿ ಅಲ್ಲೇ ಕೂತು ಅದನ್ನು ನಕಲು ಮಾಡಿಕೊಂಡರು. ಮರುವರ್ಷ, 1875ರಲ್ಲಿ, ಮುಂಬಯಿಯಲ್ಲಿ ಅಚ್ಚಾಯಿತು. ಎಂಟುನೂರು ವರ್ಷದ ನಮ್ಮ ದೊರೆಯ ಕಥೆ, ಒಣ ಹವೆಯ ದೂರದ ಊರಿನ ನೆಲಮನೆಯಲ್ಲಿ ಯಾರೋ ಇಟ್ಟ ಪ್ರತಿಯಿಂದ ನಮಗೆ ಮರಳಿತು.

ಇದನ್ನು ಕೇಳಿ ನನ್ನ ಶಿಷ್ಯ ಅಮೆರಿಕದ ಕಥೆಯೊಂದನ್ನು ಹೇಳಿದ. 1998ರಲ್ಲಿ ಪಿಕ್ಸಾರ್ ಎಂಬ ಕಂಪನಿ 'ಟಾಯ್ ಸ್ಟೋರಿ 2' ಎಂಬ ಚಿತ್ರ ಮಾಡುತ್ತಿದ್ದಾಗ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಫೈಲುಗಳು ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ. ಆಗ ಗ್ಯಾಲಿನ್ ಸುಸ್ಮನ್ ಎಂಬ ಹೆಣ್ಣುಮಗಳು ನೆನಪಿಸಿಕೊಂಡಳಂತೆ: ಬಾಣಂತಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಅವಳ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕೂಸಿನಂತೆ ಜೋಪಾನವಾಗಿ ಕಾರಿನಲ್ಲಿಟ್ಟು ತಂದರು. ಜೈಸಲ್ಮೇರಿನ ಭಂಡಾರವೂ ಬಾಣಂತಿಯ ಮನೆಯೂ ಮಾಡಿದ ಕೆಲಸ ಒಂದೇ ಎಂದು ನನಗನಿಸಿತು.

ವಿಕ್ರಮಾದಿತ್ಯನ ಕಾಲದ್ದೇ ಇನ್ನೊಂದು ಗ್ರಂಥ ವಿಜ್ಞಾನೇಶ್ವರನ 'ಮಿತಾಕ್ಷರ', ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದಕ್ಕೆ ಬಿಲ್ಹಣನ ಕಾವ್ಯದ ಗತಿ ಬರಲಿಲ್ಲ. ಮನೆ ಪಾಲಾಗುವಾಗ, ಆಸ್ತಿಯ ಜಗಳ ಬಂದಾಗ ಜನರಿಗೆ ಅದು ಬೇಕಾಗುತ್ತಿತ್ತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳಲ್ಲಿ ಓದಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅದರ ಹೆಸರಿದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟ 2005ರ ತಿದ್ದುಪಡಿಯೂ ತಿದ್ದಿದ್ದು ಮಿತಾಕ್ಷರದ ಅವಿಭಕ್ತ ಕುಟುಂಬದ ನಿಯಮವನ್ನೇ. ದಿನಾಲು ತೆಗೆದು ಓದುವ ಗ್ರಂಥಕ್ಕೆ ಹುಳು ಹತ್ತುವುದಿಲ್ಲ. ಹತ್ತಿದರೂ ಯಾರಾದರೂ ನೋಡುತ್ತಾರೆ. ನಮ್ಮ ಶಾಲೆಯಲ್ಲಿ ಈ ವರ್ಷದ ಹಾಜರಿಯ ಫೈಲು ಕೆಟ್ಟಿದ್ದರೆ ಮರುದಿನವೇ ಗೊತ್ತಾಗುತ್ತಿತ್ತು. ಕೆಟ್ಟದ್ದು ಯಾರೂ ತೆರೆಯದ 2004ರ ಫೈಲು. ಅದಕ್ಕೇ ಏಳು ತಿಂಗಳು ತಿಳಿಯಲಿಲ್ಲ.

ಇನ್ನು ವಚನಗಳು. 1167–68ರ ಕ್ಷೋಭೆಯಲ್ಲಿ ಶರಣರು ಕಲ್ಯಾಣ ಬಿಟ್ಟು ದಿಕ್ಕುದಿಕ್ಕಿಗೆ ಚದುರಿದರು. ವಚನದ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣನ ಗುಂಪು ಉಳವಿಯವರೆಗೆ ಹೋಯಿತು, ಬೆನ್ನಟ್ಟಿದ ಸೈನ್ಯದಿಂದ ಅವನ್ನು ಕಾಪಾಡಿತು ಎಂಬುದು ನಮ್ಮ ಕಡೆ ಪ್ರತಿ ಮನೆಯಲ್ಲೂ ಹೇಳುವ ಐತಿಹ್ಯ. ನಾನೂ ಪಾಠದಲ್ಲಿ ಇಲ್ಲಿಗೇ ನಿಲ್ಲಿಸುತ್ತಿದ್ದೆ: ಹೊತ್ತೊಯ್ದರು, ಉಳಿಯಿತು. ಆದರೆ ಹೊತ್ತೊಯ್ದ ಗರಿ ಶಾಶ್ವತವಲ್ಲ. ಮಳೆ, ಗೆದ್ದಲು, ಅಡುಗೆಮನೆಯ ಹೊಗೆ ಎಲ್ಲ ತಾಗಿ ಕೆಲವು ತಲೆಮಾರಿನಲ್ಲಿ ಅದು ಮುರಿಯುತ್ತದೆ. ಮುರಿಯುವ ಮೊದಲು ಯಾರಾದರೂ ಕೂತು ಕಂಟದಿಂದ ಹೊಸ ಗರಿಯ ಮೇಲೆ ಕೊರೆದು, ಮಸಿ ತೀಡಿ, ಪ್ರತಿ ಮಾಡಬೇಕು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ ಶರಣರು ಹೋಗಿ ಎರಡೂವರೆ ಶತಮಾನ ಕಳೆದ ಮೇಲೆ, ನೂರೊಂದು ವಿರಕ್ತರೆಂದು ಹೆಸರಾದವರು, ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರು ವಚನಗಳನ್ನು ಕೂಡಿಸುವ ಕೆಲಸಕ್ಕೆ ಕೂತರು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ 'ಶೂನ್ಯಸಂಪಾದನೆ' ಮಾಡಿದರು. ಅವರ ನಂತರ ಇನ್ನೂ ಮೂವರು ಅದನ್ನು ಬೇರೆ ಬೇರೆಯಾಗಿ ಪರಿಷ್ಕರಿಸಿದರು. ನಾಲ್ಕೂ ಒಂದೇ ಅಲ್ಲ.

ಪ್ರತಿ ಮಾಡುವವನಿಗೆ ಆಗುವ ತಪ್ಪುಗಳ ಶಾಸ್ತ್ರವೇ ಇದೆ. ಹಳಗಾಲದ ಓಲೆಗಳಲ್ಲಿ ಎ–ಏ, ಒ–ಓ ಹ್ರಸ್ವದೀರ್ಘಗಳಿಗೆ ಬೇರೆ ಗುರುತಿರಲಿಲ್ಲ. 'ಮೊರೆ' ಎಂದು ಬರೆದದ್ದು ಮೊರೆಯೋ ಮೋರೆಯೋ, 'ಕೊಡು' ಎಂದದ್ದು ಕೊಡುವುದೋ ಎತ್ತಿನ ಕೋಡೋ, ಓದುವವನೇ ಊಹಿಸಬೇಕು. ಎರಡು ಸಾಲು ಒಂದೇ ಪದದಿಂದ ಮುಗಿದರೆ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಜಾರುತ್ತದೆ, ನಡುವಿನ ಮಾತು ಹೋಗುತ್ತದೆ. ಅಂಕಿತ ತಪ್ಪಿದರೆ ಒಬ್ಬರ ವಚನ ಇನ್ನೊಬ್ಬರದಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯ ಬುದ್ಧಿವಂತ ಲಿಪಿಕಾರ. ತನಗೆ ತಿಳಿಯದ ಹಳೆಯ ಪದ ಕಂಡರೆ ತಪ್ಪಿರಬೇಕೆಂದು ತಿಳಿದ ಪದ ಹಾಕಿಬಿಡುತ್ತಾನೆ. ಹುಳು ತಿಂದ ಗರಿಯಲ್ಲಿ ತೂತು ಕಾಣುತ್ತದೆ, ಇಲ್ಲಿ ಏನೋ ಹೋಗಿದೆ ಎಂದು ಗೊತ್ತಾಗುತ್ತದೆ. ಬುದ್ಧಿವಂತ ಲಿಪಿಕಾರನ ಸಾಲಿನಲ್ಲಿ ತೂತಿಲ್ಲ, ಅದು ಸರಾಗವಾಗಿ ಓದಿಸಿಕೊಳ್ಳುತ್ತದೆ. ಅದಕ್ಕೇ ಗ್ರಂಥಸಂಪಾದಕರು ಎರಡು ಪಾಠ ಸಿಕ್ಕಾಗ ಸುಲಭವಾದದ್ದನ್ನು ಸಂಶಯದಿಂದ ನೋಡುತ್ತಾರೆ, ಕಠಿಣವಾದದ್ದೇ ಮೂಲಕ್ಕೆ ಹತ್ತಿರವಿರಬಹುದು ಎನ್ನುತ್ತಾರೆ. ಕೂಗುವ ತಪ್ಪು, ಸುಮ್ಮನಿರುವ ತಪ್ಪು ಎಂದು ನನ್ನ ಶಿಷ್ಯ ಹೇಳಿದ್ದು ಇದನ್ನೇ.

ಹಿಂದಿನವರಿಗೂ ಇದು ಗೊತ್ತಿತ್ತು. ಎಷ್ಟೋ ಓಲೆಗಳ ಕೊನೆಯಲ್ಲಿ ಗ್ರಂಥಸಂಖ್ಯೆ ಬರೆದಿರುತ್ತಾರೆ. ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥ, ಒಟ್ಟು ಇಷ್ಟು ಗ್ರಂಥ ಎಂಬ ಲೆಕ್ಕ. ಎಣಿಸಿ ನೋಡಿದರೆ ನಡುವೆ ಏನಾದರೂ ಬಿಟ್ಟುಹೋಗಿದೆಯೇ ಎಂದು ತಿಳಿಯುತ್ತದೆ. ಕಂಪ್ಯೂಟರಿನವರ ಚೆಕ್‌ಸಮ್ ಕೂಡ ಅದೇ ಜಾತಿಯದು. ನಾವು ಅಂಕಪಟ್ಟಿಯ ಕೊನೆಯ ಮನೆಯಲ್ಲಿ ಮೊತ್ತ ಬರೆಯುವುದಿಲ್ಲವೇ? ನಡುವಿನ ಒಂದು ಅಂಕ ಕೆಟ್ಟರೆ ಮೊತ್ತ ತಾಳೆಯಾಗುವುದಿಲ್ಲ. ಹಾಗೆಯೇ ಲಿಪಿಕಾರರು ಕೊನೆಯಲ್ಲಿ ಒಂದು ಬೇಡಿಕೆಯನ್ನೂ ಇಡುತ್ತಿದ್ದರು. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ಬಯ್ಯದೆ ತಿದ್ದಿಕೊಳ್ಳಿ ಎಂಬ ಅರ್ಥದ ಬೇಡಿಕೆ ಅದು. ನಮ್ಮ ಬ್ಯಾಕಪ್ ಯಂತ್ರಕ್ಕೆ ಬಾಯಿದ್ದರೆ ಅದೂ ಅದನ್ನೇ ಹೇಳುತ್ತಿತ್ತು.

ತಿದ್ದಿಕೊಳ್ಳುವ ಕೆಲಸ ಮಾಡಿದವರಲ್ಲಿ ಮೊದಲು ನೆನೆಯಬೇಕಾದವರು ಫ.ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರು. ಓಲೆಗರಿ ಇಟ್ಟುಕೊಂಡವರ ಮನೆಗಳಿಗೂ ಮಠಗಳಿಗೂ ಅಲೆದು, ಪೂಜೆಯ ಜಗಲಿಯ ಮೇಲಿದ್ದ ಕಟ್ಟುಗಳನ್ನು ಬಿಚ್ಚಿಸಿ ಓದಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಬಂತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ಹೋದದ್ದು 1964ರಲ್ಲಿ. ಅವರ ಮೇಲೆ ಎಷ್ಟೋ ವಿದ್ವಾಂಸರು ಪ್ರತಿಗೆ ಪ್ರತಿ ಹಚ್ಚಿ, ಪಾಠಾಂತರ ಗುರುತಿಸಿ ದುಡಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದಿತು, 20,000ಕ್ಕೂ ಮಿಕ್ಕಿ ವಚನಗಳು. ಜಗಲಿಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತ ಕಟ್ಟು ಭದ್ರವಾಗಿದೆ ಎಂದೇ ಮನೆಯವರು ತಿಳಿದಿದ್ದರು. ಬಿಚ್ಚಿ ಓದಿದವನಿಗಷ್ಟೇ ಅದರ ಒಳಗಿನ ಸ್ಥಿತಿ ಗೊತ್ತಾಯಿತು. ನಮ್ಮ ಕಪಾಟಿನ ಡಿಸ್ಕಿಗೂ ಪ್ರತಿ ದಸರೆಗೆ ಕುಂಕುಮ ಹಚ್ಚಿದ್ದೆವು.

ಪಂಚಮಿಗೆ ನಾನು ತವರಿಗೆ ಹೋದೆ. ಉಂಡಿ ಕಟ್ಟುತ್ತ ತಮ್ಮನ ಹೆಂಡತಿಗೆ ಶಾಲೆಯ ಕಷ್ಟ ಹೇಳುವಾಗ ಅವಳೇ ನೆನಪು ಮಾಡಿದಳು: "ಅತ್ತಿಗೆಮ್ಮ, ನೀವು ಹಿಂದ ಬೇಸಿಗಿ ಸೂಟ್ಯಾಗ ಇಲ್ಲೇ ಕೂತು ಟೈಪ್ ಮಾಡಿದ್ರಲ್ಲ?" ಹೌದು. 2012ರ ಬೇಸಿಗೆಯಲ್ಲಿ ಹಳೆಯ ರಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದ ಒಂದು ಪಾಲು ನನಗೆ ಬಂದಿತ್ತು. ತಮ್ಮನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪೆನ್ ಡ್ರೈವಿನಲ್ಲಿ ಒಯ್ದಿದ್ದೆ. ಹುಡುಕಿದೆವು. ಹೊಲಿಗೆಯ ಡಬ್ಬಿಯಲ್ಲಿ ಗುಂಡಿಗಳ ನಡುವೆ ಆ ಪೆನ್ ಡ್ರೈವ್ ಇತ್ತು. ಫೈಲು ತೆರೆಯಿತು. ನಾನು ಜೈಸಲ್ಮೇರನ್ನೇ ಕಂಡಷ್ಟು ಹಿಗ್ಗಿದೆ.

ಮರುದಿನ ಹುಡುಗಿಯನ್ನು ಕರೆಸಿ ಪ್ರಮಾಣ ಪತ್ರ ತೆಗೆದು ಕೈಗೆ ಕೊಟ್ಟೆ. ಓದಿ ಅವಳು ಮುಖ ಎತ್ತಿದಳು.

"ಅಕ್ಕೋರೆ, ಹುಟ್ಟಿದ ಊರು ಉಮರ್ಗಾ ಅಂತ ಅದ. ನಾ ಹುಟ್ಟಿದ್ದು ಘಾಟಬೋರಾಳದಾಗ್ರಿ."

ಘಾಟಬೋರಾಳ ನಮ್ಮ ಹುಮನಾಬಾದ ತಾಲೂಕಿನ ಊರು. ಉಮರ್ಗಾ ಗಡಿಯಾಚೆ, ಮಹಾರಾಷ್ಟ್ರದ್ದು. ಆ ಒಂದು ಪದದಿಂದ ಅವಳು ಪರರಾಜ್ಯದವಳಾಗುತ್ತಿದ್ದಳು. ಗುಮಾಸ್ತರು, "ಕಂಪ್ಯೂಟರಿನಾಗ ಇದ್ದದ್ದೇ ಸರಿ ಇರ್ತದವ್ವ, ನಿಮ್ಮ ಮನ್ಯಾಗ ಕೇಳು" ಎಂದರು. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆದರೆ ಅವಳು ಹೋಗಲಿಲ್ಲ.

ಕಾಗದದ ರಜಿಸ್ಟರ್ ಹುಡುಕಲು ಎರಡು ದಿನ ಹಿಡಿಯಿತು. ಕಂಪ್ಯೂಟರ್ ಬಂದ ಮೇಲೆ ಇವು ಯಾಕೆ ಎಂದು ಹಳೆಯ ವಹಿಗಳನ್ನೆಲ್ಲ ವೇದಿಕೆಯ ಹಿಂದಿನ ಕೋಣೆಗೆ ಹಾಕಿದ್ದೆವು. ಅಂಚು ಗೆದ್ದಲು ತಿಂದಿತ್ತು, ಸಾಲುಗಳು ಉಳಿದಿದ್ದವು. ಅವಳ ಸಾಲಿನಲ್ಲಿ ದುಂಡು ಅಕ್ಷರದಲ್ಲಿ ಘಾಟಬೋರಾಳ ಎಂದೇ ಇತ್ತು. ಅದರ ಕೆಳಗಿನ ಸಾಲಿನ ಹುಡುಗನ ಊರು ಉಮರ್ಗಾ. ಟೈಪ್ ಮಾಡುವಾಗ ಕಣ್ಣು ಒಂದು ಸಾಲು ಕೆಳಗೆ ಜಾರಿತ್ತು. ಜಾರಿದ್ದು ನನ್ನ ಕಣ್ಣು.

ಡಿಸ್ಕು ಕೆಡದೆ ಇದ್ದಿದ್ದರೆ, ಬ್ಯಾಕಪ್ ಪ್ರತಿ ರಾತ್ರಿ ಸುಸೂತ್ರವಾಗಿ ನಡೆದಿದ್ದರೆ, ಮೂರು ಕಡೆ ಮೂರು ಪ್ರತಿ ಇರುತ್ತಿದ್ದವು. ಮೂರರಲ್ಲೂ ಉಮರ್ಗಾ ಎಂದೇ ಇರುತ್ತಿತ್ತು. ಮೂರು ಪ್ರತಿ ಹೇಳುತ್ತವೆ, ನೀನೊಬ್ಬಳು ಹೇಳಿದರೆ ಹೇಗೆ ಎಂದು ಅವಳನ್ನು ಕಳಿಸಿಬಿಡುತ್ತಿದ್ದೆವು. ಒಂದೇ ಮೂಲದ ನೂರು ಪ್ರತಿಗೂ ಸಾಕ್ಷಿಯ ತೂಕ ಒಂದೇ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಬಿ.ಎ.ದಲ್ಲಿ ಅದನ್ನು ಓದಿ ಪರೀಕ್ಷೆ ಬರೆದವಳು ನಾನು. ತಪ್ಪು ನನ್ನದೆಂದು ಅವಳೆದುರಿಗೇ ಹೇಳಿದೆ. ಮುಖ್ಯ ಗುರುಗಳು ರಜಿಸ್ಟರಿನ ಆಧಾರದ ಮೇಲೆ ಹೊಸ ಪ್ರಮಾಣ ಪತ್ರಕ್ಕೆ ಸಹಿ ಹಾಕಿದರು. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಅವಳ ಅರ್ಜಿ ಸೇರಿತು.

ಹುಮನಾಬಾದ ತಾಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬೇರೆ ಗುಡಿಗಳ ಬಾಲಿಕೆಯರು ಕನ್ನಡಿ ಹಿಡಿದಿರುತ್ತಾರೆ, ಗಿಳಿ ಹಿಡಿದಿರುತ್ತಾರೆ. ಇವಳು ಬರೆಯುತ್ತಿದ್ದಾಳೆ. ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕವೊಂದನ್ನು ಕೊರೆಯುತ್ತ ನಿಂತಿದ್ದಾಳೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಅವಳ ಬರೆಯುವ ಕೈಯನ್ನು ತೋರಿಸುತ್ತಿದ್ದೆ. ಕಳೆದ ಸಲ ಹೋದಾಗ ನಾನು ನೋಡಿದ್ದು ಅವಳ ಕಣ್ಣನ್ನು. ಅದು ಬರೆದ ಸಾಲಿನ ಮೇಲೇ ನೆಟ್ಟಿದೆಯೆಂದು ನನಗೆ ಅನಿಸಿತು.

ಈಗ ನಮ್ಮ ಶಾಲೆಯಲ್ಲಿ ಮೂರು ಪ್ರತಿ ಇಡುತ್ತೇವೆ. ಎರಡು ಇಲ್ಲಿ, ಬೇರೆ ಬೇರೆ ಬಗೆಯ ಡಿಸ್ಕುಗಳಲ್ಲಿ, ಒಂದು ಬಸವಕಲ್ಯಾಣದಲ್ಲಿ. ಗುಮಾಸ್ತರು ಬೆಳಿಗ್ಗೆ ಬಂದ ಕೂಡಲೆ ಲಾಗ್ ಓದಿ ವಹಿಯಲ್ಲಿ ಸಹಿ ಮಾಡುತ್ತಾರೆ. ತಿಂಗಳ ಮೊದಲ ಶನಿವಾರ ಒಂದು ಪ್ರತಿಯನ್ನು ಬೇರೆ ಯಂತ್ರಕ್ಕೆ ಇಳಿಸಿ ತೆರೆಯುತ್ತೇವೆ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಕೂರುತ್ತಾರೆ. ಒಬ್ಬಳು ಕಾಗದದ ರಜಿಸ್ಟರಿನಿಂದ ಗಟ್ಟಿಯಾಗಿ ಓದುತ್ತಾಳೆ, ಇನ್ನೊಬ್ಬಳು ಪರದೆಯ ಮೇಲೆ ಬೆರಳಿಟ್ಟು ನೋಡುತ್ತಾಳೆ. ಒಂದು ಸಲಕ್ಕೆ ಐವತ್ತು ಸಾಲು. ಈವರೆಗೆ ಹದಿನಾಲ್ಕು ತಪ್ಪು ಸಿಕ್ಕಿವೆ. ಅವುಗಳಲ್ಲಿ ಒಂಬತ್ತು ನನ್ನವು.